ಆಲ್ಬಂ ಮಾಡುವವರ ಪ್ರಶ್ನೆಗಳು: ‘ಥ್ರಿಲ್ಲರ್’ನಿಂದ ಚಿರೆಕಲ್ಲಿನ ಕೋಣೆಯವರೆಗೆ

ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಆಲ್ಬಂ ಬಗ್ಗೆ ಈ ಅಂಕಣದಲ್ಲಿ ಬರೆದ ಮೇಲೆ ಉತ್ತರ ಕನ್ನಡದಿಂದ ಬಂದ ಪತ್ರಗಳೇ ಹೆಚ್ಚು. ಕೆಲವರಿಗೆ ಆ ಆಲ್ಬಂ ಬಗ್ಗೆಯೇ ಇನ್ನೂ ತಿಳಿಯಬೇಕು. ಉಳಿದವರು ‘ನಾವೂ ಒಂದು ಆಲ್ಬಂ ಮಾಡಬೇಕು, ಎಲ್ಲಿಂದ ಶುರು ಮಾಡುವುದು’ ಎಂದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಮಾಡಿ ಉತ್ತರಿಸಿದ್ದೇವೆ.

ಪ್ರಶ್ನೆ: ‘ಥ್ರಿಲ್ಲರ್’ ಅಷ್ಟೊಂದು ಮಾರಾಟವಾಗಿದ್ದು ಹಾಡುಗಳ ಗುಣದಿಂದಲೋ, ವಿಡಿಯೊ ಮತ್ತು ಪ್ರಚಾರದ ಗದ್ದಲದಿಂದಲೋ? ನಮ್ಮ ಕಾಲೇಜಿನಲ್ಲಿ ಇದೇ ವಾದ ನಡೆದಿದೆ. — ವಿದ್ಯಾರ್ಥಿ, ಕಾರವಾರ

ವಿಡಿಯೊ ಪಕ್ಷದವರ ಮುಂದೆ ಮೊದಲು ತಾರೀಖು ಇಡಿ. ಆಲ್ಬಂ ಹೊರಬಂದದ್ದು 1982ರ ನವೆಂಬರ್ ಕೊನೆಗೆ. ಹೆಣಗಳು ಎದ್ದು ಕುಣಿಯುವ, ಸುಮಾರು 14 ನಿಮಿಷದ ಆ ಪ್ರಸಿದ್ಧ ವಿಡಿಯೊ ಬಂದದ್ದು 1983ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಆಲ್ಬಂ ಒಂದು ವರ್ಷ ಭರ್ಜರಿಯಾಗಿ ಮಾರಾಟವಾಗಿತ್ತು. ಹಾಗೆಂದು ದೃಶ್ಯದ ಬಲವನ್ನು ತಳ್ಳಿಹಾಕುವ ಹಾಗಿಲ್ಲ. ‘ಬಿಲ್ಲಿ ಜೀನ್’ ಮತ್ತು ‘ಬೀಟ್ ಇಟ್’ ವಿಡಿಯೊಗಳು 1983ರ ಮೊದಲರ್ಧದಲ್ಲೇ ಎಂಟಿವಿಯಲ್ಲಿ ಓಡಿದವು. ಕಪ್ಪು ಗಾಯಕರು ಆ ಚಾನೆಲ್ಲಿನಲ್ಲಿ ಅಪರೂಪವಾಗಿದ್ದ ಕಾಲ ಅದು. ಮೋಟೌನ್ ರೆಕಾರ್ಡ್ ಕಂಪನಿಯ 25ನೇ ವರ್ಷದ ಕಾರ್ಯಕ್ರಮ ಅದೇ ಮೇ ತಿಂಗಳಲ್ಲಿ ಪ್ರಸಾರವಾದಾಗ ಜನ ಮೊದಲ ಸಲ ಅವರ ಮೂನ್‌ವಾಕ್ ಕಂಡರು.

ಸಿಂಗಲ್‌ಗಳನ್ನು (ಆಲ್ಬಂನಿಂದ ಬಿಡಿಯಾಗಿ ಬರುವ ಹಾಡುಗಳನ್ನು) ಬಿಟ್ಟ ರೀತಿಯನ್ನೂ ನೋಡಬೇಕು. ಆಲ್ಬಂನಲ್ಲಿದ್ದದ್ದು 9 ಹಾಡು, ಸಿಂಗಲ್ ಆಗಿ ಬಂದದ್ದು 7. 1982ರ ಅಕ್ಟೋಬರಿನಿಂದ 1984ರ ಆರಂಭದವರೆಗೆ, ಒಂದರ ಸದ್ದು ಅಡಗುವ ಹೊತ್ತಿಗೆ ಇನ್ನೊಂದು. ಏಳೂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಹತ್ತರೊಳಗೆ ಬಂದವು. ಆಲ್ಬಂ 37 ವಾರ ಒಂದನೇ ಸ್ಥಾನದಲ್ಲಿತ್ತು. ಬರೀ ಪ್ರಚಾರ ಒಂದೆರಡು ಹಾಡನ್ನು ಮೇಲೆತ್ತಬಹುದು, ಏಳನ್ನು ಎತ್ತುವುದು ಕಷ್ಟ.

ನಿಮ್ಮ ವಾದದಲ್ಲಿ ಬಿಟ್ಟುಹೋಗಿರುವುದು ಕತ್ತರಿ. ನಿರ್ಮಾಪಕ ಕ್ವಿನ್ಸಿ ಜೋನ್ಸ್ ಮತ್ತು ಎಂಜಿನಿಯರ್ ಬ್ರೂಸ್ ಸ್ವೀಡಿಯನ್ ಕೆಲಸ ಮುಗಿಯಿತೆಂದು ಎಲ್‌ಪಿಗೆ (ದೊಡ್ಡ ಗ್ರಾಮಫೋನ್ ತಟ್ಟೆಗೆ) ಕೊನೆಯ ಪ್ರತಿ, ಅಂದರೆ ಮಾಸ್ಟರ್, ಮಾಡಿಸಿ ಕೇಳಿದಾಗ ದನಿ ಸಪ್ಪೆಯಾಗಿತ್ತು. ಕಾರಣ ಹಾಡುಗಳ ಉದ್ದ. ಎಲ್‌ಪಿಯ ಒಂದು ಬದಿಯಲ್ಲಿ ಸಂಗೀತ ಹೆಚ್ಚಾದಷ್ಟೂ ಗೀರುಗಳು ಹತ್ತಿರ ಹತ್ತಿರ ಬರಬೇಕು. ತೋಟದಲ್ಲಿ ಅಡಿಕೆ ಸಸಿಯನ್ನು ಒತ್ತೊತ್ತಾಗಿ ನೆಟ್ಟ ಹಾಗೆ. ದೊಡ್ಡ ದನಿ ಮತ್ತು ಬೇಸ್ (ಕೆಳಗಿನ ದಪ್ಪ ಸ್ವರಗಳು) ಗೀರನ್ನು ಅಗಲ ಮಾಡುತ್ತವೆ. ಅಗಲಕ್ಕೆ ಜಾಗವಿಲ್ಲದಿದ್ದರೆ ಒಟ್ಟು ದನಿಯನ್ನೇ ತಗ್ಗಿಸಬೇಕು, ಬೇಸ್ ಇಳಿಸಬೇಕು. ಒಂದು ಬದಿಗೆ 20 ನಿಮಿಷದ ಆಸುಪಾಸು ಇದ್ದರೆ ಕ್ಷೇಮ. ಬಿಡುಗಡೆಯ ಗಡುವು ಹತ್ತಿರವಿದ್ದರೂ ಅವರು ಹಾಡುಗಳನ್ನು ಕತ್ತರಿಸಿದರು. ‘ಬಿಲ್ಲಿ ಜೀನ್’ನ ಉದ್ದದ ಪೀಠಿಕೆ ಕಡಿಮೆಯಾಯಿತು, ‘ದಿ ಲೇಡಿ ಇನ್ ಮೈ ಲೈಫ್’ನ ಒಂದು ಚರಣವೇ ಹೋಯಿತು. ಆಮೇಲೆ ದಿನಕ್ಕೊಂದು ಹಾಡಿನ ಲೆಕ್ಕದಲ್ಲಿ ಮತ್ತೆ ಮಿಕ್ಸ್ ಮಾಡಿದರು, ಅಂದರೆ ದನಿ, ವಾದ್ಯಗಳ ಪ್ರಮಾಣ ಹೊಂದಿಸಿ ಸೇರಿಸಿದರು. ಕೊನೆಗೆ ಉಳಿದದ್ದು ಸುಮಾರು 42 ನಿಮಿಷ. ಒಂಬತ್ತರಲ್ಲಿ ಜಾಕ್ಸನ್ ಬರೆದದ್ದು ನಾಲ್ಕೇ, ರಾಡ್ ಟೆಂಪರ್‌ಟನ್ ಅವರದು ಮೂರು, ಉಳಿದೆರಡು ಬೇರೆಯವರವು. ಅಷ್ಟು ದೊಡ್ಡ ಗಾಯಕ ತನ್ನ ಆಲ್ಬಂನ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಬೇರೆಯವರ ಹಾಡಿಗೆ ಬಿಟ್ಟುಕೊಟ್ಟದ್ದೂ ಒಂದು ಬಗೆಯ ಕತ್ತರಿಯೇ.

ಪ್ರಶ್ನೆ: ಆ ಆಲ್ಬಂ ‘ಪ್ಲಾಟಿನಂ’ ಎನ್ನುತ್ತಾರೆ. ಹಾಗೆಂದರೇನು? — ಓದುಗರು, ಭಟ್ಕಳ

ಅಮೆರಿಕದ ರೆಕಾರ್ಡಿಂಗ್ ಕಂಪನಿಗಳ ಸಂಘ ಕೊಡುವ ಪ್ರಮಾಣಪತ್ರ. 5 ಲಕ್ಷ ಪ್ರತಿಗೆ ಗೋಲ್ಡ್, 10 ಲಕ್ಷಕ್ಕೆ ಪ್ಲಾಟಿನಂ, 1 ಕೋಟಿಗೆ ಡೈಮಂಡ್. 2016ರಿಂದ ಸ್ಟ್ರೀಮಿಂಗನ್ನೂ ಸೇರಿಸುತ್ತಾರೆ. 1,500 ಸ್ಟ್ರೀಮ್‌ಗೆ ಒಂದು ಆಲ್ಬಂ ಎಂದು ಎಣಿಕೆ. ‘ಥ್ರಿಲ್ಲರ್’ಗೆ 2021ರಲ್ಲಿ ಸಿಕ್ಕಿದ್ದು 34 ಪಟ್ಟು ಪ್ಲಾಟಿನಂ. ಅದು ಅಮೆರಿಕದ ಲೆಕ್ಕ ಮಾತ್ರ.

ಪ್ರಶ್ನೆ: ಭಾವಗೀತೆ ಹಾಡುತ್ತೇನೆ, ಈಗ ಪಾಪ್ ಧಾಟಿಯ ಹಾಡು ಮಾಡುತ್ತಿದ್ದೇನೆ. ರೆಕಾರ್ಡ್ ಆದ ಮೇಲೆ ನನ್ನ ದನಿ ತೆಳ್ಳಗೆ ಕೇಳುತ್ತದೆ. ಒಂದೇ ಟ್ರ್ಯಾಕನ್ನು ಎರಡು ಸಲ ಹಾಕಿದರೂ ದಪ್ಪವಾಗಲಿಲ್ಲ. — ಗಾಯಕಿ, ಶಿರಸಿ

ಆಗುವುದಿಲ್ಲ. ಅದೇ ಟ್ರ್ಯಾಕನ್ನು ನಕಲು ಮಾಡಿ ಅದರ ಮೇಲೇ ಇಟ್ಟರೆ ದನಿ 6 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಜೋರಾಗುತ್ತದೆ, ಅಷ್ಟೇ. ನಕಲನ್ನು ಕೆಲವು ಮಿಲಿಸೆಕೆಂಡ್ ಆಚೀಚೆ ಸರಿಸಿದರೆ ಇನ್ನೂ ಕೆಡುತ್ತದೆ. ಕೆಲವು ಕಂಪನಾಂಕಗಳು ಪರಸ್ಪರ ಅಳಿಸಿಹೋಗಿ ಡಬ್ಬದೊಳಗಿಂದ ಹಾಡಿದ ಹಾಗಾಗುತ್ತದೆ. ದಪ್ಪ ಬರುವುದು ಮತ್ತೊಮ್ಮೆ ಹಾಡಿದಾಗ. ಎರಡು ಸಲ ಹಾಡಿದ್ದರಲ್ಲಿ ಇರುವ ಕೂದಲೆಳೆಯ ವ್ಯತ್ಯಾಸವೇ ಕಿವಿಗೆ ತುಂಬಿದ ದನಿಯಾಗಿ ಕೇಳುತ್ತದೆ.

ಜಾಕ್ಸನ್ ಅವರ ಹಿನ್ನೆಲೆ ದನಿಗಳಿಗೆ ಸ್ವೀಡಿಯನ್ ಮಾಡುತ್ತಿದ್ದ ಕ್ರಮ ಮನೆಯಲ್ಲೂ ಸಾಧ್ಯ. ಮೊದಲು ಮೈಕಿನ ಹತ್ತಿರ ನಿಂತು ಒಂದು ಟೇಕ್. ಅಲ್ಲೇ ನಿಂತು ಅದನ್ನೇ ಎರಡನೇ ಸಲ. ಮೂರನೇ ಸಲ ಎರಡು ಹೆಜ್ಜೆ ಹಿಂದೆ ಸರಿದು ಹಾಡಬೇಕು, ಮೀಟರಿನಲ್ಲಿ ಮೊದಲಿನಷ್ಟೇ ಮಟ್ಟ ಬರುವ ಹಾಗೆ ಗೇನ್ (ಮೈಕಿನ ದನಿ ಹಿಗ್ಗಿಸುವ ಮಟ್ಟ) ಏರಿಸಬೇಕು. ಆಗ ದನಿಯ ಜತೆ ಕೋಣೆಯ ಮೊದಲ ಪ್ರತಿಫಲನವೂ ಬಂದು ಕೂರುತ್ತದೆ. ಮೂರನ್ನೂ ಸೇರಿಸಿದಾಗ ಸಿಗುವ ಆಳ ಯಾವ ರಿವರ್ಬ್ ಪ್ಲಗಿನ್ನಿನಲ್ಲೂ (ಗುಂಗು ಸೇರಿಸುವ ಸಾಫ್ಟ್‌ವೇರಿನಲ್ಲೂ) ಸುಲಭಕ್ಕೆ ಸಿಗದು. ಆದರೆ ನಿಮ್ಮ ಕೋಣೆ ಕೆಟ್ಟದಾಗಿದ್ದರೆ ಆ ಮೂರನೇ ಟೇಕ್ ಕೆಟ್ಟ ಕೋಣೆಯನ್ನೇ ತರುತ್ತದೆ. ಹಾಗಿದ್ದರೆ ಎರಡಕ್ಕೇ ನಿಲ್ಲಿಸಿ.

ಮನೆಯ ಲೆಕ್ಕ ಹೀಗಿಡಿ. ಮೈಕಿನಿಂದ ಬಾಯಿಗೆ ಒಂದು ಗೇಣಿಗಿಂತ ತುಸು ಕಡಿಮೆ, 15 ಸೆಂ.ಮೀ. ನಡುವೆ ಪಾಪ್ ಫಿಲ್ಟರ್, ಅಂದರೆ ಉಸಿರಿನ ಹೊಡೆತ ತಡೆಯುವ ಜಾಲರಿ. 24 ಬಿಟ್, 48 ಕಿಲೋಹರ್ಟ್ಸ್. ಅತಿ ಎತ್ತರದ ಸ್ವರದಲ್ಲೂ ಮೀಟರ್ ಮೈನಸ್ 10 ಡಿಬಿ ದಾಟಬಾರದು. ಮುಖ್ಯ ದನಿ ನಡುವೆ ಇರಲಿ, ಡಬಲ್‌ಗಳು (ಎರಡನೇ, ಮೂರನೇ ಸಲ ಹಾಡಿದವು) ಅದಕ್ಕಿಂತ 8ರಿಂದ 10 ಡಿಬಿ ಕೆಳಗೆ, ಒಂದು ಎಡಕ್ಕೆ ಒಂದು ಬಲಕ್ಕೆ.

ಕನ್ನಡದಲ್ಲಿ ಕೆಡುವುದು ಹೆಚ್ಚಾಗಿ ವ್ಯಂಜನದಲ್ಲಿ. ‘ಸ್ಪರ್ಶ’, ‘ಕಷ್ಟ’ ತರಹದ ಶಬ್ದಗಳಲ್ಲಿ ಮೂರು ಟೇಕಿನ ‘ಸ’, ‘ಷ್ಟ’ ಒಂದೇ ಕ್ಷಣಕ್ಕೆ ಬೀಳದಿದ್ದರೆ ಮಳೆಹನಿ ಸಿಡಿದಂತೆ ಟಪಟಪ ಕೇಳುತ್ತದೆ. ಡಬಲ್ ಹಾಡುವಾಗ ಈ ಅಕ್ಷರಗಳನ್ನು ಬೇಕೆಂದೇ ಮೆತ್ತಗೆ ನುಡಿಯಿರಿ, ಮುಖ್ಯ ದನಿ ಅವನ್ನು ಹೊರಲಿ. ಡಬಲ್‌ಗಳಲ್ಲಿ ಉಸಿರೆಳೆಯುವ ಸದ್ದನ್ನು ಕತ್ತರಿಸಿ ತೆಗೆಯಿರಿ. ಗಮಕ ಇರುವ ಸಾಲನ್ನು ಡಬಲ್ ಮಾಡಲೇಬೇಡಿ. ಎರಡು ಗಮಕ ಒಂದರ ಮೇಲೊಂದು ಬಿದ್ದರೆ ಅಪಶ್ರುತಿಯಂತೆಯೇ ಕೇಳುತ್ತದೆ. ಪಲ್ಲವಿಯ ನೇರ ಸ್ವರಗಳಿಗೆ ಮಾತ್ರ ಸಾಕು.

ಪ್ರಶ್ನೆ: ಹೆಂಚಿನ ಮಾಡು, ಚಿರೆಕಲ್ಲಿನ ಗೋಡೆಯ ಮನೆ. 10 ಅಡಿಗೆ 10 ಅಡಿ ಕೋಣೆಗೆ ಪೂರಾ ಫೋಮ್ ಅಂಟಿಸಿದೆವು. ಈಗ ದನಿ ಇನ್ನೂ ‘ಗುಂಯ್’ ಎನ್ನುತ್ತದೆ, ಹೊರಗಿನ ಸದ್ದೂ ನಿಂತಿಲ್ಲ. — ಇಬ್ಬರು ಗೆಳೆಯರು, ಕುಮಟಾ

ಒಂದು ಇಂಚಿನ ಫೋಮ್ ಮೇಲಿನ ಕಂಪನಾಂಕಗಳನ್ನಷ್ಟೇ ಹೀರುತ್ತದೆ. ಕೆಳಗಿನವು ಹಾಗೇ ಉಳಿಯುತ್ತವೆ. ಮೇಲಿನದು ಹೋಗಿ ಕೆಳಗಿನದು ಉಳಿದದ್ದೇ ನಿಮ್ಮ ‘ಗುಂಯ್’. ಲೆಕ್ಕ ನೋಡಿ: ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಿಮ್ಮ ಕೋಣೆ 3.05 ಮೀಟರ್. ವೇಗವನ್ನು ಕೋಣೆಯ ಉದ್ದದ ಎರಡು ಪಟ್ಟಿನಿಂದ ಭಾಗಿಸಿದರೆ 56 ಹರ್ಟ್ಸ್. ಆ ಕಂಪನಾಂಕ ಮತ್ತು ಅದರ ಎರಡು ಪಟ್ಟು, 112 ಹರ್ಟ್ಸ್, ಗೋಡೆಗಳ ನಡುವೆ ಉಳಿದವಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತವೆ. 112 ಎಂದರೆ ಗಂಡುದನಿಯ ಶ್ರುತಿಯ ಜಾಗ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ತೊಂದರೆ ಇಮ್ಮಡಿ. ಇನ್ನೊಂದು ಕೋಣೆ ಇದ್ದು ಅದು ಚೌಕವಲ್ಲದಿದ್ದರೆ ಅಲ್ಲಿಗೆ ಹೋಗುವುದೇ ಉತ್ತಮ.

ಇದೇ ಕೋಣೆಯಲ್ಲಿ ಮಾಡಲೇಬೇಕೆಂದರೆ ಅರ್ಧ ಫೋಮ್ ಕಿತ್ತುಬಿಡಿ. 2 ಅಡಿ ಅಗಲ, 4 ಅಡಿ ಉದ್ದದ ಮರದ ಚೌಕಟ್ಟು ಮಾಡಿಸಿ, 4 ಇಂಚು ದಪ್ಪದ ರಾಕ್‌ವೂಲ್ ತುಂಬಿ (ಘನಮೀಟರಿಗೆ 48 ಕೆ.ಜಿ. ಸಾಂದ್ರತೆಯದು ಕೇಳಿ), ಮೇಲೆ ತೆಳ್ಳನೆಯ ಹತ್ತಿ ಬಟ್ಟೆ ಬಿಗಿಯಿರಿ. ಬಟ್ಟೆಗೆ ಬಾಯಿಟ್ಟು ಊದಿದರೆ ಗಾಳಿ ಆಚೆ ದಾಟಬೇಕು, ಅಂಥ ಬಟ್ಟೆ. ರಾಕ್‌ವೂಲ್ ಮುಟ್ಟುವಾಗ ಕೈಗವಸು, ಮಾಸ್ಕ್ ಇರಲಿ, ಮೈ ತುರಿಸುತ್ತದೆ. ಇಂಥ ಆರು ಚೌಕಟ್ಟು ಸಾಕು. ನಾಲ್ಕು ಮೂಲೆಗೆ ನಾಲ್ಕು. ಉಳಿದೆರಡನ್ನು ಗೋಡೆಯಿಂದ 4 ಇಂಚು ಬಿಟ್ಟು ಹಾಡುವವರ ಬೆನ್ನ ಹಿಂದೆ ನಿಲ್ಲಿಸಿ. ಬಹಳ ಜನ ಮೈಕಿನ ಹಿಂದೆ ಹಾಕುತ್ತಾರೆ. ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನಿನ ಕಡೆಯದನ್ನು ಕೇಳುವುದೇ ಕಡಿಮೆ. ಅದು ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಹಿಂದಿನ ಗೋಡೆಯನ್ನು. ಗೋಡೆಯಿಂದ ಬಿಡುವ ಆ 4 ಇಂಚು ಬೇಸ್ ಹೀರಲೂ ಬೇಕು, ಕರಾವಳಿಯಲ್ಲಿ ಬೂಸ್ಟು ಹಿಡಿಯದಿರಲೂ ಬೇಕು. ಹಣ ಇಲ್ಲವೆಂದರೆ ಹತ್ತಿಯ ದಪ್ಪ ಹಾಸಿಗೆಯನ್ನು ಬೆನ್ನ ಹಿಂದೆ ನಿಲ್ಲಿಸಿ, ಎರಡೂ ಬದಿಗೆ ಕಂಬಳಿಯನ್ನು ಮಡಿಸಿ ಇಳಿಬಿಡಿ. ಹಾಸಿಗೆಯನ್ನು ಆಗಾಗ ಬಿಸಿಲಿಗೆ ಹಾಕದಿದ್ದರೆ ಮುಗ್ಗಲು ವಾಸನೆಗೆ ಗಾಯಕರೇ ಓಡಿಹೋಗುತ್ತಾರೆ.

ಹೆಂಚಿನ ಮಾಡು ನಿಮಗೆ ವರ. ಇಳಿಜಾರು ಇರುವುದರಿಂದ ನೆಲಕ್ಕೂ ಮಾಡಿಗೂ ನಡುವೆ ಸದ್ದು ಚೆಂಡಿನಾಟ ಆಡುವುದಿಲ್ಲ. ಆರ್‌ಸಿಸಿ ಸ್ಲ್ಯಾಬ್‌ನಲ್ಲಿ ಆಡುತ್ತದೆ. ಗಾರೆ ಬಳಿಯದ ಚಿರೆಕಲ್ಲಿನ ಗೋಡೆ ಇದ್ದರೆ ಹಾಗೇ ಬಿಡಿ, ಅದರ ಒರಟು ಮೈ ಸದ್ದನ್ನು ಚದುರಿಸುತ್ತದೆ.

ಇನ್ನು ಹೊರಗಿನ ಸದ್ದು. ಹೀರುವುದು ಬೇರೆ, ತಡೆಯುವುದು ಬೇರೆ. ಫೋಮೂ ರಾಕ್‌ವೂಲೂ ಹೆದ್ದಾರಿಯ ಲಾರಿಯನ್ನಾಗಲಿ ಕೊಂಕಣ ರೈಲನ್ನಾಗಲಿ ತಡೆಯವು. ತಡೆಯಲು ಭಾರ ಬೇಕು, ಸಂದು ಇರಬಾರದು. ಹೆಂಚಿನ ಮಾಡಿನಲ್ಲಿ ಸಂದೇ ಹೆಚ್ಚು. ಮಾಡು ಬಿಚ್ಚಿ ಕಟ್ಟುವ ಖರ್ಚಿನ ಬದಲು ಹೊತ್ತು ನೋಡಿ ಹಾಡುವುದು ಲಾಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೆಂಚಿನ ಮೇಲೆ ಬೀಳುವ ಮಳೆಯನ್ನು ಯಾವ ಸಾಫ್ಟ್‌ವೇರೂ ನೀಟಾಗಿ ತೆಗೆಯದು. ಆ ನಾಲ್ಕು ತಿಂಗಳು ಸಾಹಿತ್ಯ, ರಾಗ, ಕೀಬೋರ್ಡ್, ಮೈಕಿಲ್ಲದೆ ನೇರ ಲೈನ್‌ನಲ್ಲಿ ಹೋಗುವ ಗಿಟಾರ್ ಮುಗಿಸಿ. ಗಾಯನವನ್ನು ದೀಪಾವಳಿಯಿಂದ ಫೆಬ್ರುವರಿಯೊಳಗೆ ಇಟ್ಟುಕೊಳ್ಳಿ. ಘಟ್ಟದ ಮೇಲಿನವರು ಬೇಸಿಗೆ ಸಂಜೆ ಜೀರುಂಡೆಯ ಹೊತ್ತನ್ನೂ ಬಿಡಬೇಕು. ಅದು ನಿಮ್ಮ ‘ಸ’ ಅಕ್ಷರದ ಕಂಪನಾಂಕದಲ್ಲೇ ಕೂರುತ್ತದೆ, ಅದನ್ನು ತೆಗೆಯಹೋದರೆ ‘ಸ’ವೂ ಹೋಗುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಕಂಡೆನ್ಸರ್ ಮೈಕು ಚಟಪಟ ಸದ್ದು ಮಾಡುತ್ತದೆ. ಅಕ್ಕಿ ಡಬ್ಬದಲ್ಲಿಟ್ಟು ತೆಗೆದೆ, ಪ್ರಯೋಜನವಿಲ್ಲ. ಕೆಟ್ಟಿದೆಯೇ? — ಓದುಗರು, ಹೊನ್ನಾವರ

ಬಹುಶಃ ಕೆಟ್ಟಿಲ್ಲ, ಒದ್ದೆಯಾಗಿದೆ. ಕಂಡೆನ್ಸರ್ ಮೈಕಿನ ತೆಳು ಪೊರೆಗೂ ಹಿಂದಿನ ತಟ್ಟೆಗೂ ನಡುವೆ ವಿದ್ಯುತ್ ಆವೇಶ ನಿಂತಿರಬೇಕು. ತೇವ ಕೂತರೆ ಅದು ಸೋರುತ್ತದೆ, ಸೋರುವಾಗ ಚಟಪಟ. ಫ್ಯಾಂಟಮ್ ಪವರ್ (ಮೈಕಿಗೆ ತಂತಿಯಲ್ಲಿ ಹೋಗುವ ವಿದ್ಯುತ್) ಆರಿಸಿ, ಮೈಕನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ 100 ಗ್ರಾಂ ಸಿಲಿಕಾ ಜೆಲ್ ಜತೆ ಒಂದು ಹಗಲು ಒಂದು ರಾತ್ರಿ ಇಡಿ. ಡಬ್ಬದೊಳಗೆ ಪುಟ್ಟ ತೇವಮಾಪಕ ಇದ್ದರೆ ಒಳ್ಳೆಯದು, 40ರಿಂದ 50 ಶೇಕಡಾ ತೋರಿಸಬೇಕು. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ, ಪೊರೆ ಹಾಳಾಗುತ್ತದೆ. ಅಕ್ಕಿ ತೇವ ಹೀರುವುದು ಅಷ್ಟಕ್ಕಷ್ಟೇ. ಅದರ ಹುಡಿ ಮಾತ್ರ ಜಾಲರಿಯೊಳಗೆ ಹೋಗಿ ಕೂರುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ 110ರಿಂದ 120 ಡಿಗ್ರಿಯಲ್ಲಿ ಎರಡು ತಾಸು ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತದೆ, ಅಡುಗೆಯ ಪಾತ್ರೆಯಲ್ಲಿ ಕಾಯಿಸಬಾರದು.

ಮಳೆಗಾಲದಲ್ಲೂ ಕೆಲಸ ನಿಲ್ಲಿಸಲಾಗದವರು ಡೈನಮಿಕ್ ಮೈಕು ತೆಗೆದುಕೊಳ್ಳಲಿ, ಅದಕ್ಕೆ ಇಂಥ ಆವೇಶ ಬೇಡ. ‘ಥ್ರಿಲ್ಲರ್’ನಲ್ಲಿ ಜಾಕ್ಸನ್ ಅವರ ಗಾಯನ ಹಿಡಿದದ್ದು ಶೂರ್ ಎಸ್‌ಎಂ7 ಎಂಬ ಡೈನಮಿಕ್ ಮೈಕಿನಲ್ಲಿ, ದುಬಾರಿ ಕಂಡೆನ್ಸರಿನಲ್ಲಲ್ಲ. ಆದರೆ ಅಂಥ ಮೈಕಿಗೆ 60 ಡಿಬಿ ಆಸುಪಾಸಿನ ಗೇನ್ ಬೇಕು. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸು ಅಷ್ಟು ಗೇನ್‌ನಲ್ಲಿ ‘ಸ್ಸ್’ ಎನ್ನುತ್ತದೆ. ಕೊಳ್ಳುವ ಮೊದಲು ಅಂಗಡಿಯಲ್ಲೇ ಕೇಳಿ ನೋಡಿ.

ಪ್ರಶ್ನೆ: ಪಾಪ್ ಹಾಡಿಗೆ ಯಕ್ಷಗಾನದ ಚಂಡೆ ಸೇರಿಸಿದೆವು. ಚಂಡೆ ಬಂದಕೂಡಲೇ ಉಳಿದದ್ದೆಲ್ಲ ಮುಳುಗುತ್ತದೆ, ಜತೆಗೆ ಏನೋ ಅಪಶ್ರುತಿ. — ಯುವ ತಂಡ, ಸಿದ್ದಾಪುರ

ಅಪಶ್ರುತಿಗೆ ಕಾರಣ ಹಾಡಿನ ಶ್ರುತಿ. ಬಡಗುತಿಟ್ಟಿನ (ಉತ್ತರದ ಶೈಲಿಯ ಯಕ್ಷಗಾನದ) ಚಂಡೆಯನ್ನು ಭಾಗವತರ ಶ್ರುತಿಗೆ ಹೊಂದಿಸಿರುತ್ತಾರೆ. ನಿಮ್ಮ ಹಾಡು ಬೇರೆ ಶ್ರುತಿಯಲ್ಲಿದ್ದರೆ ಹೊಂದುವುದು ಹೇಗೆ? ಮೊದಲು ಹಾಡಿನ ಶ್ರುತಿ ನಿರ್ಧರಿಸಿ, ಚಂಡೆಯವರಿಗೆ ಮುಂಚೆಯೇ ತಿಳಿಸಿ. ಅಷ್ಟು ಏರಿಸಲು ಇಳಿಸಲು ಆಗದೆಂದು ಅವರು ಹೇಳಿದರೆ ಹಾಡನ್ನೇ ಅರ್ಧ ಸ್ವರ ಸರಿಸಿ. ಥಂಡಿ ಹವೆಯಲ್ಲಿ ಚರ್ಮ ಇಳಿಯುತ್ತದೆ, ಪ್ರತಿ ಟೇಕಿನ ಮೊದಲೂ ಶ್ರುತಿ ನೋಡಬೇಕು.

ಮೈಕು ಚಂಡೆಯ ಮುಖಕ್ಕೆ ಹತ್ತಿರ ಬೇಡ. ಒಂದೂವರೆ ಮೀಟರ್ ದೂರ, ಬಾರಿಸುವವರ ಎದೆಯ ಎತ್ತರ. ಮೈಕಿನಲ್ಲಿ ಪ್ಯಾಡ್ (ಜೋರು ಸದ್ದನ್ನು ತಗ್ಗಿಸುವ ಸ್ವಿಚ್ಚು) ಇದ್ದರೆ ಹಾಕಿ. ಗೇನ್ ಇಡುವಾಗ ‘ಸುಮ್ಮನೆ ಒಮ್ಮೆ ಬಾರಿಸಿ’ ಎನ್ನಬೇಡಿ. ಯುದ್ಧದ ಸಂದರ್ಭದ ಜೋರಿನ ಬಿಡ್ತಿಗೆಯನ್ನೇ (ಚಂಡೆಯ ಪೆಟ್ಟುಗಳ ವರಸೆ) ಬಾರಿಸಲು ಹೇಳಿ, ಅದರಲ್ಲಿ ಮೀಟರ್ ಮೈನಸ್ 12 ಡಿಬಿಗೆ ನಿಲ್ಲಲಿ. ಟಿಕ್ ಟಿಕ್ ಮೆಟ್ರೊನೋಮ್ ಚಂಡೆಯ ನಡುವೆ ಕೇಳುವುದಿಲ್ಲ, ಲಯ ಹಿಡಿಯಲೂ ಅವರಿಗೆ ಕಿರಿಕಿರಿ. ಅದರ ಬದಲು ಜಾಗಟೆಯ ಒಂದು ಪೆಟ್ಟನ್ನು ರೆಕಾರ್ಡ್ ಮಾಡಿ, ಅದನ್ನೇ ತಾಳದ ಜಾಗದಲ್ಲಿಟ್ಟು ಹೆಡ್‌ಫೋನಿನಲ್ಲಿ ಕೊಡಿ.

ಮುಳುಗುವ ಪ್ರಶ್ನೆಗೆ: ಚಂಡೆ ನುಡಿಯುವಾಗ ಡ್ರಮ್ಮಿನ ಸ್ನೇರ್ (ಕಟಕಟ ಎನ್ನುವ ಚಿಕ್ಕ ಡ್ರಮ್ಮು) ತೆಗೆದುಬಿಡಿ. ಎರಡೂ ಒಂದೇ ಜಾಗಕ್ಕೆ ಹೊಡೆದಾಡುತ್ತವೆ, ಗೆಲ್ಲುವುದು ಚಂಡೆ. ‘ಬಿಲ್ಲಿ ಜೀನ್’ ಡ್ರಮ್ಮು ಅಷ್ಟು ಸ್ಪಷ್ಟವಾಗಿ ಕೇಳುವುದಕ್ಕೂ ಗುಟ್ಟು ಇಂಥದೇ. ಸ್ವೀಡಿಯನ್ ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿಗೆ ಜಿಪ್ ಇರುವ ಗವಸು ಹೊಲಿಸಿದರು, ಡ್ರಮ್ಮನ್ನು ಮರದ ವೇದಿಕೆಯ ಮೇಲೆ ಇಟ್ಟರು. ಒಂದರ ಸದ್ದು ಇನ್ನೊಂದರ ಮೈಕಿಗೆ ಹೋಗದಂತೆ ಬೇರ್ಪಡಿಸಿದರು.

ಪ್ರಶ್ನೆ: ಹಾಲಕ್ಕಿ ಹಾಡೊಂದನ್ನು ಹೊಸ ವಾದ್ಯಗಳೊಂದಿಗೆ ಆಲ್ಬಂಗೆ ಹಾಕಬೇಕು. ಯಾರ ಅನುಮತಿ ಬೇಕು? ದಿನಕರ ದೇಸಾಯಿ ಅವರ ಚುಟುಕಗಳನ್ನೂ ಹಾಡುವ ಆಸೆ. — ಸಂಗೀತ ಶಿಕ್ಷಕರು, ಅಂಕೋಲಾ

ಎರಡಕ್ಕೂ ಉತ್ತರ ಬೇರೆ ಬೇರೆ. ಕರ್ತೃ ಗೊತ್ತಿಲ್ಲದ, ತಲೆಮಾರಿನಿಂದ ಬಂದ ಪದಕ್ಕೆ ಹಕ್ಕುಸ್ವಾಮ್ಯ ಇಲ್ಲ. ನೀವೇ ಹೊಸದಾಗಿ ಹಾಡಬಹುದು. ಆದರೆ ಯಾರೋ ಮಾಡಿದ ರೆಕಾರ್ಡಿಂಗ್‌ಗೆ ಹಕ್ಕು ಇದೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಹಾಡಿದವರ ಪ್ರದರ್ಶನದ ಹಕ್ಕಿಗೆ 50 ವರ್ಷ. ಅಂಕೋಲಾದ ಬಡಗೇರಿಯ ಸುಕ್ರಿ ಬೊಮ್ಮಗೌಡ (2017ರ ಪದ್ಮಶ್ರೀ) ಅವರ ದನಿಯನ್ನು ಎಲ್ಲಿಂದಲೋ ಇಳಿಸಿಕೊಂಡು ಎರಡು ಸಾಲು ಕತ್ತರಿಸಿ ಹಾಕುವುದು ಇದೇ ಕಾರಣಕ್ಕೆ ಸಲ್ಲದು. ಆಲ್ಬಂನ ವಿವರದಲ್ಲಿ ರಚನೆ ಎಂಬಲ್ಲಿ ‘ಸಾಂಪ್ರದಾಯಿಕ, ಹಾಲಕ್ಕಿ ಒಕ್ಕಲಿಗರ ಹಾಡು’ ಎಂದೇ ಬರೆಯಿರಿ, ನಿಮ್ಮ ಹೆಸರು ವಾದ್ಯಸಂಯೋಜನೆಯಲ್ಲಿ ಬರಲಿ. ಕಲಿಸಿದ ಅಜ್ಜಿಯ ಹೆಸರನ್ನು ಅವರನ್ನು ಕೇಳಿ ಹಾಕಿ, ಸಂಭಾವನೆ ಕೊಡಿ. ಕಾನೂನು ಇದನ್ನು ಒತ್ತಾಯಿಸದು, ನಾವು ಒತ್ತಾಯಿಸುತ್ತೇವೆ.

ದಿನಕರ ದೇಸಾಯಿ ತೀರಿಕೊಂಡದ್ದು 1982ರಲ್ಲಿ. ಕವಿಯ ಮರಣದ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 2042ರ ಡಿಸೆಂಬರ್ 31ರವರೆಗೆ. ಹಕ್ಕು ಇರುವವರ ಲಿಖಿತ ಒಪ್ಪಿಗೆ ಬೇಕು. ‘ಚುಟುಕ ನಾಲ್ಕೇ ಸಾಲು, ಏನಾಗುತ್ತದೆ’ ಎನ್ನಬೇಡಿ. ನಾಲ್ಕು ಸಾಲೇ ಅಲ್ಲಿ ಪೂರ್ತಿ ಕೃತಿ.

ಸಿನಿಮಾ ಹಾಡಿನ ಕವರ್ (ಅದನ್ನೇ ನಾವು ಮತ್ತೆ ಹಾಡುವುದು) ಬಗ್ಗೆಯೂ ಹಲವರು ಕೇಳಿದ್ದಾರೆ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ಪ್ರಕಾರ ಹಾಡು ಮೊದಲು ಧ್ವನಿಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯಬೇಕು, ಮುಂಚಿತ ನೋಟಿಸು ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಯ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು. ಸಾಹಿತ್ಯ ಬದಲಿಸುವ ಹಾಗಿಲ್ಲ. ಸಣ್ಣ ಆಲ್ಬಂಗೆ ಇದು ಮೈಮೇಲೆ ಬರುವ ಖರ್ಚು. ನಿಮ್ಮದೇ ಹಾಡು ಬರೆಯಿರಿ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ‘ಥ್ರಿಲ್ಲರ್’ನ ಮೊದಲ ಹಾಡಿನ ಕೊನೆಗೆ ಬರುವ ಕೋರಸ್ ತನ್ನ ‘ಸೋಲ್ ಮಕೋಸಾ’ದಿಂದ ಬಂದದ್ದು ಎಂದು ಕ್ಯಾಮರೂನಿನ ಮನು ದಿಬಾಂಗೊ ತಕರಾರು ತೆಗೆದರು, ಅದು ಕೋರ್ಟಿನ ಹೊರಗೆ ರಾಜಿಯಾಯಿತು.

ಪ್ರಶ್ನೆ: ಅಟ್ಟದಲ್ಲಿದ್ದ ಹಳೆಯ ಕ್ಯಾಸೆಟ್ಟುಗಳಿಗೆ ಬಿಳಿ ಬೂಸ್ಟು ಬಂದಿದೆ. ಕಂಪ್ಯೂಟರಿಗೆ ಹಾಕಿಕೊಳ್ಳಬಹುದೇ? — ಓದುಗರು, ಯಲ್ಲಾಪುರ

ಹಾಗೇ ಪ್ಲೇಯರಿಗೆ ಹಾಕಬೇಡಿ, ಬೂಸ್ಟು ಹೆಡ್ಡಿಗೆ (ಟೇಪು ಓದುವ ಭಾಗಕ್ಕೆ) ಮೆತ್ತಿಕೊಂಡು ಒಳ್ಳೆಯ ಕ್ಯಾಸೆಟ್ಟಿಗೂ ಹರಡುತ್ತದೆ. ಮಾಸ್ಕ್ ಹಾಕಿ ಅಂಗಳದಲ್ಲಿ ಕುಳಿತುಕೊಳ್ಳಿ. ಐದು ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಎರಡೂ ಚಕ್ರವನ್ನು ಟೇಪ್ ಸಮೇತ ಎತ್ತಿ ಹೊಸ ಕವಚಕ್ಕೆ ಹಾಕಿ. ಸುತ್ತಿದ ಟೇಪಿನ ಬದಿಯನ್ನು ಒಣ ಮೆತ್ತನೆ ಬ್ರಶ್‌ನಿಂದ ಒರೆಸಿ. ಹೆಡ್ಡಿನ ಎದುರು ಬರುವ ಪುಟ್ಟ ಸ್ಪಂಜಿನ ಪ್ಯಾಡ್ ಉದುರಿದ್ದರೆ ಹೊಸ ಕವಚದಲ್ಲಿ ಅದು ಇರುತ್ತದೆ. ಪ್ಯಾಡ್ ಇಲ್ಲದಿದ್ದರೆ ದನಿ ಬಂದು ಹೋಗಿ ಮಾಡುತ್ತದೆ. ಆಮೇಲೆ ಕೈಯಲ್ಲಿ ಪೆನ್ಸಿಲ್ ಹಿಡಿದು ನಿಧಾನ ಒಂದು ಸಲ ಪೂರ್ತಿ ಸುತ್ತಿ, ಅಂಟಿಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಸಿ-90ರ ಟೇಪು ತೆಳು, ಎಳೆಯಬೇಡಿ.

ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ. ರಬ್ಬರ್ ಗಾಲಿಗೆ ಅದು ಬೇಡ, ಸೋಪಿನ ನೀರು ಸಾಕು. ಮೊದಲ ಬಾರಿ ನುಡಿಸುವಾಗಲೇ ರೆಕಾರ್ಡ್ ಒತ್ತಿರಿ. ಎರಡನೇ ಬಾರಿ ಟೇಪು ಉಳಿಯುತ್ತದೆಂಬ ಖಾತ್ರಿ ಇಲ್ಲ. ದನಿ ಮುಸುಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲಷ್ಟು ತಿರುಗಿಸಿ, ತಾಳ ಮತ್ತು ‘ಸ’ಕಾರ ಅತಿ ಸ್ಪಷ್ಟವಾಗುವಲ್ಲಿ ನಿಲ್ಲಿಸಿ.

ಪ್ರಶ್ನೆ: ನಮ್ಮ ಹಾಡು ಮೊಬೈಲಿನಲ್ಲಿ ಬೇರೆಯವರ ಹಾಡಿಗಿಂತ ಮೆತ್ತಗೆ ಕೇಳುತ್ತದೆ. ಲಿಮಿಟರ್ ಎಷ್ಟು ಒತ್ತಿದರೂ ಅಷ್ಟೇ. — ಓದುಗರು, ದಾಂಡೇಲಿ

ಲಿಮಿಟರ್ ದನಿಯ ತುದಿಗಳನ್ನು ಅದುಮಿ ಒಟ್ಟು ಮಟ್ಟ ಏರಿಸುವ ಸಾಧನ, ಒತ್ತಿದಷ್ಟೂ ನಷ್ಟ. ಸ್ಪಾಟಿಫೈ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಹಾಡಿನ ಒಟ್ಟು ಜೋರಿನ ಅಳತೆ) ಮಟ್ಟಕ್ಕೆ ತರುತ್ತದೆ, ಹೆಚ್ಚು ಜೋರಿದ್ದರೆ ತಗ್ಗಿಸುತ್ತದೆ. ತುದಿ ಮಟ್ಟ ಮೈನಸ್ 1 ಡಿಬಿ ದಾಟದಿರಲಿ. ನಿಮ್ಮ ತೊಂದರೆ ಬೇಸ್‌ನಲ್ಲಿ ಇರಬೇಕು. ಮೊಬೈಲಿನ ಸ್ಪೀಕರು ಕೆಳಗಿನ ಬೇಸನ್ನು ನುಡಿಸುವುದೇ ಇಲ್ಲ, ಆದರೆ ಮೀಟರು ಅದನ್ನು ಎಣಿಸುತ್ತದೆ. ಕೇಳದ ಬೇಸ್ ಜಾಗ ತಿಂದು, ಕೇಳುವ ದನಿ ಸಣ್ಣದಾಗುತ್ತದೆ. 35 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಬೇಸ್ ಟ್ರ್ಯಾಕಿಗೆ ಸ್ವಲ್ಪ ಸ್ಯಾಚುರೇಶನ್ (ಹದವಾಗಿ ದನಿ ಒಡೆಸುವುದು) ಕೊಡಿ. ಅದರ ಮೇಲಿನ ಸ್ವರಾಂಶಗಳು ಮೊಬೈಲಿನಲ್ಲೂ ಕೇಳುತ್ತವೆ.

ಮಿಕ್ಸನ್ನು ಪ್ರತಿ ಸಲ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ‘ಬಿಲ್ಲಿ ಜೀನ್’ಗೆ ಸ್ವೀಡಿಯನ್ 91 ಮಿಕ್ಸ್ ಮಾಡಿದರು, ಆಲ್ಬಂಗೆ ಹೋದದ್ದು ಎರಡನೆಯದು. ಎರಡನೆಯದನ್ನು ಅಳಿಸಿಹಾಕಿದ್ದರೆ?

ಪ್ರಶ್ನೆ: ಆರು ಹಾಡು ತಯಾರಿದೆ, ಒಟ್ಟು 24 ನಿಮಿಷ. ಎಲ್ಲ ಒಟ್ಟಿಗೆ ಬಿಡುವುದೋ, ಒಂದೊಂದಾಗಿಯೋ? ಕಾಗದಪತ್ರ ಏನೇನು? — ತಂಡ, ಶಿರಸಿ

ಮೊದಲು ಒಂದು ವಿಷಯ: ಆರು ಹಾಡು, 30 ನಿಮಿಷದೊಳಗೆ ಇದ್ದರೆ ಸ್ಟ್ರೀಮಿಂಗ್ ತಾಣಗಳು ಅದನ್ನು ಇಪಿ (ಸಿಂಗಲ್‌ಗಿಂತ ದೊಡ್ಡದು, ಆಲ್ಬಂಗಿಂತ ಚಿಕ್ಕದು) ಎಂದು ತೋರಿಸುತ್ತವೆ. ಏಳಾದರೆ ಆಲ್ಬಂ. ಅದಕ್ಕಾಗಿ ಅರೆಬೆಂದ ಏಳನೇ ಹಾಡು ಸೇರಿಸುವುದಕ್ಕಿಂತ ಇಪಿ ಎಂದೇ ಬಿಡಿ.

ಒಂದೊಂದಾಗಿ ಬಿಡುವುದೇ ಸರಿ, ಐದಾರು ವಾರಕ್ಕೊಂದು. ಮೂರು ಹಾಡು ಹೀಗೆ ಹೋದ ಮೇಲೆ ಆರನ್ನೂ ಒಟ್ಟಿಗೆ ಬಿಡಿ. ಪ್ರತಿ ಹಾಡಿಗೂ 12 ಅಕ್ಷರದ ಐಎಸ್‌ಆರ್‌ಸಿ ಸಂಖ್ಯೆ (ಧ್ವನಿಮುದ್ರಣದ ಗುರುತು) ಇರುತ್ತದೆ, ಹಾಡನ್ನು ತಾಣಗಳಿಗೆ ತಲುಪಿಸುವ ವಿತರಕರೇ ಕೊಡುತ್ತಾರೆ. ಸಿಂಗಲ್‌ಗೆ ಸಿಕ್ಕ ಸಂಖ್ಯೆಯನ್ನೇ ಒಟ್ಟು ಬಿಡುಗಡೆಯಲ್ಲೂ ಹಾಕಬೇಕು. ಹೊಸದು ಹಾಕಿಸಿದರೆ ಅದುವರೆಗಿನ ಕೇಳುಗರ ಲೆಕ್ಕ ಸೊನ್ನೆಯಿಂದ ಶುರು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಸಿಂಗಲ್‌ನಲ್ಲಿ ಇದ್ದ ಫೈಲನ್ನೇ ಕೊಡಿ. ಉದ್ದ ಒಂದೆರಡು ಸೆಕೆಂಡ್ ಬದಲಾದರೂ ಎರಡೂ ಒಂದೇ ಹಾಡೆಂದು ತಾಣ ಒಪ್ಪದಿರಬಹುದು.

ಬಿಡುಗಡೆಗೆ ನಾಲ್ಕು ವಾರ ಮುಂಚೆ ಫೈಲು ಕೊಡಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ 7 ದಿನ ಬಾಕಿ ಇರಬೇಕು. ಮುಖಪುಟದ ಚಿತ್ರ 3000ಕ್ಕೆ 3000 ಪಿಕ್ಸೆಲ್. ಹಾಡಿನ ಭಾಷೆ ಎಂಬಲ್ಲಿ ಕನ್ನಡ ಆರಿಸಿ, ಗಾಯಕರ ಹೆಸರಿನ ಕಾಗುಣಿತ ಆರೂ ಹಾಡಿಗೆ ಒಂದೇ ಇರಲಿ, ಇಲ್ಲವಾದರೆ ಒಬ್ಬರೇ ಇಬ್ಬರಾಗುತ್ತಾರೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಎಣಿಕೆ, 12 ತಿಂಗಳಲ್ಲಿ 1,000 ಎಣಿಕೆ ದಾಟದ ಹಾಡಿಗೆ ಹಣವಿಲ್ಲ. ನಿಮ್ಮ ಹಾಡಿನ ಪೀಠಿಕೆ 40 ಸೆಕೆಂಡ್ ಇದ್ದರೆ ಕತ್ತರಿ ತೆಗೆದುಕೊಳ್ಳಿ.

ಯಾವುದನ್ನು ಮೊದಲು ಬಿಡುವುದು ಎಂದು ತಲೆ ಕೆಡಿಸಿಕೊಳ್ಳಬೇಡಿ. ‘ಥ್ರಿಲ್ಲರ್’ನ ಮೊದಲ ಸಿಂಗಲ್ ಪಾಲ್ ಮೆಕಾರ್ಟ್ನಿ ಜತೆಗಿನ ಮೆತ್ತನೆಯ ಯುಗಳಗೀತೆ, ಅಬ್ಬರ ಎದ್ದದ್ದು ಎರಡನೆಯದಕ್ಕೆ.

ಕಾಗದಪತ್ರವನ್ನು ಹಾಡು ಹಿಟ್ ಆದ ಮೇಲೆ ಮಾಡೋಣ ಎನ್ನಬೇಡಿ, ಆಗ ಯಾರೂ ಸಹಿ ಹಾಕುವುದಿಲ್ಲ. ಒಂದು ಹಾಳೆ ಸಾಕು: ಸಾಹಿತ್ಯ ಯಾರದು, ರಾಗ ಯಾರದು, ಧ್ವನಿಮುದ್ರಣದ ಹಕ್ಕು ಯಾರದು, ಎಷ್ಟು ಶೇಕಡಾ, ಎಷ್ಟು ವರ್ಷ, ಯಾವ ದೇಶಗಳಿಗೆ. ಹಕ್ಕು ವಹಿಸಿಕೊಡುವ ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದು ತಿಳಿಯುತ್ತದೆ, ದೇಶ ಬರೆಯದಿದ್ದರೆ ಭಾರತ ಮಾತ್ರ. ಸಾಹಿತಿ ಮತ್ತು ಸಂಗೀತ ಸಂಯೋಜಕರು ತಮ್ಮ ರಾಯಲ್ಟಿ ಸಂಗ್ರಹಿಸಿಕೊಡುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯರಾಗಿ ಹಾಡುಗಳನ್ನು ಅಲ್ಲಿ ನೋಂದಾಯಿಸಲಿ. ಗಾಯಕರ ಸಂಸ್ಥೆ ಬೇರೆ ಇದೆ. ವಾದ್ಯ ನುಡಿಸಿದವರಿಗೆ ಕೊಟ್ಟ ಹಣಕ್ಕೆ ಸಹಿ ತೆಗೆದುಕೊಂಡು ಆ ಚೀಟಿಯನ್ನೂ ಇದೇ ಹಾಳೆಯ ಜತೆ ಪಿನ್ ಮಾಡಿಡಿ.